ಹೈಪರ್‌ಬಾಲಿಕ್ ಜ್ಯಾಮಿತಿಯ ಕಾರ್ಯಾಗಾರಕ್ಕೆ ಆರು ವಾರ ಇದೆ, ಏನು ಓದಲಿ?

ಪ್ರಶ್ನೆ: ನಾನು ಎಂ.ಎಸ್ಸಿ. ಗಣಿತದ ಕೊನೆಯ ವರ್ಷದಲ್ಲಿದ್ದೇನೆ. ಹೈಪರ್‌ಬಾಲಿಕ್ ಜ್ಯಾಮಿತಿಯ ಎರಡು ವಾರದ ಕಾರ್ಯಾಗಾರಕ್ಕೆ ಆಯ್ಕೆಯಾಗಿದ್ದೇನೆ. ಮೊದಲ ವಾರ ನಾಲ್ಕು ಕೋರ್ಸ್‌ಗಳಿವೆ: ಫುಕ್ಸಿಯನ್ ಗ್ರೂಪ್‌ಗಳು, ಟೈಶ್‌ಮ್ಯುಲರ್ ಸ್ಪೇಸ್, ಮೂರು ಆಯಾಮದ ಮ್ಯಾನಿಫೋಲ್ಡ್‌ಗಳು, ಗ್ರೋಮೊವ್ ಹೈಪರ್‌ಬಾಲಿಕ್ ಗ್ರೂಪ್‌ಗಳು. ಎರಡನೇ ವಾರ ಪೂರ್ತಿ ಸಂಶೋಧನಾ ಉಪನ್ಯಾಸಗಳು. ಕಾಂಪ್ಲೆಕ್ಸ್ ಅನಾಲಿಸಿಸ್, ಗ್ರೂಪ್ ಥಿಯರಿ, ಸ್ವಲ್ಪ ಟೊಪಾಲಜಿ ಬರುತ್ತದೆ. ನಾಲ್ಕಕ್ಕೂ ನಾಲ್ಕು ಪುಸ್ತಕ ಸೂಚಿಸಿದ್ದಾರೆ, ಯಾವುದರಿಂದ ಶುರು ಮಾಡಲಿ ಅಂತ ಗೊತ್ತಾಗುತ್ತಿಲ್ಲ. ಇವೆಲ್ಲ ಒಂದೇ ವಿಷಯ ಹೇಗಾಗುತ್ತವೆ ಅನ್ನುವುದೂ ತಿಳಿದಿಲ್ಲ. ಲ್ಯಾಪ್‌ಟಾಪ್ ತೆಗೆದುಕೊಂಡು ಹೋಗಬೇಕಾ?

ಉತ್ತರ: ಮೊದಲು ಅಭಿನಂದನೆ. ಆಮೇಲೆ ಒಂದು ಮಾತು: ನಾಲ್ಕು ಪುಸ್ತಕಗಳನ್ನೂ ಬದಿಗಿಡಿ. ಆರು ವಾರದಲ್ಲಿ ನಾಲ್ಕು ಪುಸ್ತಕ ಓದಿದರೆ ವ್ಯಾಖ್ಯೆಗಳು ತಲೆಯಲ್ಲಿ ತುಂಬಿಕೊಳ್ಳುತ್ತವೆ, ಒಂದೂ ಕೈಗೆ ಹತ್ತುವುದಿಲ್ಲ. ಮೂರು ಉದಾಹರಣೆಗಳನ್ನು ಚೆನ್ನಾಗಿ ಪಳಗಿಸಿಕೊಂಡು ಹೋಗಿ. ಪ್ರತಿ ಉಪನ್ಯಾಸದಲ್ಲೂ ಅವೇ ನಿಮ್ಮ ಕೈ ಹಿಡಿಯುತ್ತವೆ.

ಇದನ್ನು ನನಗೆ ಕಲಿಸಿದ್ದು ನನ್ನ ಮೊದಲ ಕಾರ್ಯಾಗಾರ. ತಿಂಗಳುಗಟ್ಟಲೆ ಓದಿಕೊಂಡು ಹೋಗಿದ್ದೆ, ವ್ಯಾಖ್ಯೆಗಳೆಲ್ಲ ಬಾಯಿಗೆ ಬರುತ್ತಿದ್ದವು. ಎರಡನೇ ದಿನದ ವಿರಾಮದಲ್ಲಿ ಹಿರಿಯರೊಬ್ಬರು ಪಕ್ಕದಲ್ಲಿ ನಿಂತು, "ಈಗ ಹೇಳಿದ ಪ್ರಮೇಯ ಮಾಡ್ಯುಲರ್ ಗ್ರೂಪಿಗೆ ಏನು ಹೇಳುತ್ತೆ?" ಅಂತ ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಅವರು ಬೇಸರ ಮಾಡಿಕೊಳ್ಳಲಿಲ್ಲ, ಒಂದು ಹಾಳೆ ತೆಗೆದುಕೊಂಡು ಹತ್ತು ನಿಮಿಷ ಲೆಕ್ಕ ಹಾಕಿ ತೋರಿಸಿದರು. ಆ ಹತ್ತು ನಿಮಿಷದಲ್ಲಿ ತಿಳಿದಷ್ಟು ಆ ತಿಂಗಳುಗಳಲ್ಲಿ ತಿಳಿದಿರಲಿಲ್ಲ.

ಉದಾಹರಣೆಗಳಿಗೆ ಬರುವ ಮುಂಚೆ ಒಂದು ಲೆಕ್ಕ ಮಾಡೋಣ, ಪೆನ್ನು ಹಿಡಿದುಕೊಳ್ಳಿ. ಮೇಲಿನ ಅರ್ಧ ಸಮತಲ ತೆಗೆದುಕೊಳ್ಳಿ, ಅಂದರೆ ಅಡ್ಡ ಅಕ್ಷದ ಮೇಲಿರುವ ಬಿಂದುಗಳು ಮಾತ್ರ. ಇಲ್ಲಿ ಉದ್ದ ಅಳೆಯುವ ನಿಯಮ ಒಂದೇ: ಮಾಮೂಲಿ ಉದ್ದವನ್ನು ಎತ್ತರದಿಂದ ಭಾಗಿಸಬೇಕು. ಎತ್ತರ 1ರಲ್ಲಿ ಒಂದು ಅಡ್ಡಗೆರೆಯ ಉದ್ದ 1 ಇದ್ದರೆ, ಅದೇ ಗೆರೆ ಎತ್ತರ 1000ದಲ್ಲಿ ಸಾವಿರದ ಒಂದು ಭಾಗ. ಈಗ (0, 1)ರಿಂದ (1000, 1)ಕ್ಕೆ ಹೋಗಬೇಕು. ನೇರವಾಗಿ ಅಡ್ಡಡ್ಡ ನಡೆದರೆ ದೂರ 1000. ಅದರ ಬದಲು ಮೊದಲು ಮೇಲಕ್ಕೆ ಹತ್ತಿ. ಎತ್ತರ 1000ದ ತನಕ ಹತ್ತುವ ದೂರ 1000ದ ಸ್ವಾಭಾವಿಕ ಲಾಗರಿದಮ್, ಅಂದರೆ 6.91. ಅಲ್ಲಿ ಅಡ್ಡಕ್ಕೆ ದಾಟಿ, ಅದು ಬರೀ 1. ಮತ್ತೆ ಇಳಿಯಿರಿ, ಇನ್ನೊಂದು 6.91. ಒಟ್ಟು 14.82. ಸಾವಿರ ಎಲ್ಲಿ, ಹದಿನೈದು ಎಲ್ಲಿ! ನಿಜವಾದ ಅತಿ ಹತ್ತಿರದ ದಾರಿ ಅಡ್ಡ ಅಕ್ಷದ ಮೇಲೆ ಕೇಂದ್ರ ಇರುವ ಅರ್ಧವೃತ್ತ, ಅದರ ಉದ್ದ 13.82. ನಮ್ಮ ಒರಟು ದಾರಿ ಅದಕ್ಕಿಂತ ಸುಮಾರು 1 ಮಾತ್ರ ಜಾಸ್ತಿ. ಸಾವಿರದ ಬದಲು ಹತ್ತು ಲಕ್ಷ ಹಾಕಿ ನೋಡಿ, ಆಗಲೂ ವ್ಯತ್ಯಾಸ 1ರ ಆಸುಪಾಸಿನಲ್ಲೇ ಇರುತ್ತದೆ. ಈ ಲೆಕ್ಕವನ್ನು ನೀವೇ ಮಾಡಬೇಕು, ಸುಮ್ನೆ ಓದಿ ಮುಂದೆ ಹೋಗಬೇಡಿ.

ಹೀಗೆ ಅಳೆಯುವ ಅರ್ಧ ಸಮತಲವೇ ಹೈಪರ್‌ಬಾಲಿಕ್ ಸಮತಲ. ಈ ಲೆಕ್ಕದ ಹಿಂದೆ ಇರುವುದು ಒಂದೇ ಸಂಗತಿ. ಹೈಪರ್‌ಬಾಲಿಕ್ ಸಮತಲದಲ್ಲಿ ದೂರ ಹೋದಂತೆ ಜಾಗ ಘಾತೀಯವಾಗಿ ಬೆಳೆಯುತ್ತದೆ. ತ್ರಿಜ್ಯ 10 ಇರುವ ವೃತ್ತದ ಪರಿಧಿ ನಮ್ಮ ಶಾಲೆಯ ಜ್ಯಾಮಿತಿಯಲ್ಲಿ 62.8, ಇಲ್ಲಿ ಸುಮಾರು 69,200. ಇನ್ನೂ ವಿಚಿತ್ರ ಏನೆಂದರೆ, ಆ ವೃತ್ತದ ವಿಸ್ತೀರ್ಣದಲ್ಲಿ ಸುಮಾರು 63 ಶೇಕಡಾ ಹೊರಗಿನ ಅಂಚಿನ ಒಂದು ಅಳತೆಯ ಪಟ್ಟಿಯಲ್ಲೇ ಇರುತ್ತದೆ, ಚಪ್ಪಟೆ ಸಮತಲದಲ್ಲಿ ಅದು 19 ಶೇಕಡಾ ಮಾತ್ರ. ಎಲ್ಲವೂ ಅಂಚಿನಲ್ಲಿ. ಈ ವಿಷಯದಲ್ಲಿ ಎಲ್ಲರೂ ಪದೇ ಪದೇ ಅನಂತದಲ್ಲಿರುವ ಗಡಿಯ ಬಗ್ಗೆ ಮಾತಾಡುವುದು ಅದಕ್ಕೇ.

ಚಿತ್ರಗಳ ಬಗ್ಗೆ ಸ್ವಲ್ಪ ಎಚ್ಚರ. ಇಡೀ ಸಮತಲವನ್ನು ಒಂದು ವೃತ್ತದೊಳಗೆ ತೋರಿಸುವ ತಟ್ಟೆಯ ಮಾದರಿಯ ಚಿತ್ರ ನೋಡಿದವರಿಗೆ ಗಡಿ ಇಲ್ಲೇ ಪಕ್ಕದಲ್ಲಿದೆ ಅಂತ ಅನಿಸುತ್ತದೆ, ಅದು ಅನಂತ ದೂರದಲ್ಲಿದೆ. ಇಡೀ ಹೈಪರ್‌ಬಾಲಿಕ್ ಸಮತಲವನ್ನು ಅಳತೆ ಕೆಡದಂತೆ ನಮ್ಮ ಮೂರು ಆಯಾಮದ ಜಾಗದಲ್ಲಿ ನಯವಾದ ಮೇಲ್ಮೈಯಾಗಿ ಇಡಲು ಆಗುವುದಿಲ್ಲ ಅಂತ ಹಿಲ್ಬರ್ಟ್ 1901ರಲ್ಲೇ ಸಾಧಿಸಿದ್ದಾರೆ, ಹಾಗಾಗಿ ಯಾವ ಚಿತ್ರವೂ ಪೂರ್ತಿ ಸತ್ಯ ಹೇಳುವುದಿಲ್ಲ. ಒಂದು ತುಂಡನ್ನಾದರೂ ಕೈಯಲ್ಲಿ ಹಿಡಿಯಬೇಕು ಅಂದರೆ ರಟ್ಟಿನಲ್ಲಿ ಸಮಬಾಹು ತ್ರಿಭುಜಗಳನ್ನು ಕತ್ತರಿಸಿ, ಪ್ರತಿ ಮೂಲೆಯಲ್ಲೂ ಏಳೇಳು ಸೇರುವಂತೆ ಅಂಟಿಸುತ್ತಾ ಹೋಗಿ. ಆರು ಸೇರಿದರೆ ಚಪ್ಪಟೆ, ಏಳು ಸೇರಿದರೆ ಮಡಿಕೆ ಬೀಳಲು ಶುರುವಾಗುತ್ತದೆ. ಮೂರು ಸುತ್ತು ಅಂಟಿಸುವಷ್ಟರಲ್ಲಿ ರಟ್ಟು ಸಾಲದೆ ಬರುತ್ತದೆ, ಘಾತೀಯ ಬೆಳವಣಿಗೆ ಅಂದರೆ ಏನು ಅಂತ ಬೆರಳಿಗೆ ಗೊತ್ತಾಗುತ್ತದೆ. ಡೈನಾ ಟೈಮಿನಾ ಎಂಬ ಗಣಿತಜ್ಞೆ 1997ರಲ್ಲಿ ಇದನ್ನೇ ಕ್ರೋಶಾದಲ್ಲಿ ಹೆಣೆದು ತರಗತಿಗೆ ತಂದರು.

ಇನ್ನು ತ್ರಿಭುಜ. ಇಲ್ಲಿ ತ್ರಿಭುಜದ ಕೋನಗಳ ಮೊತ್ತ 180 ಡಿಗ್ರಿಗಿಂತ ಕಡಿಮೆ, ಎಷ್ಟು ಕಡಿಮೆಯೋ (ರೇಡಿಯನ್‌ನಲ್ಲಿ) ಅಷ್ಟೇ ಅದರ ವಿಸ್ತೀರ್ಣ. ಬಾಹುಗಳು ಎಷ್ಟೇ ಉದ್ದವಾಗಲಿ, ವಿಸ್ತೀರ್ಣ ಪೈ ದಾಟುವುದಿಲ್ಲ. ಉದ್ದಕ್ಕೆ ಮಿತಿ ಇಲ್ಲ, ವಿಸ್ತೀರ್ಣಕ್ಕೆ ಮಿತಿ ಇದೆ ಅಂದರೆ ತ್ರಿಭುಜ ತೆಳ್ಳಗೆ ಇರಲೇಬೇಕು ಅಲ್ವಾ? ಎಷ್ಟೇ ದೊಡ್ಡ ತ್ರಿಭುಜ ತೆಗೆದುಕೊಂಡರೂ ಒಂದು ಬಾಹುವಿನ ಮೇಲಿನ ಯಾವ ಬಿಂದುವಿನಿಂದಲೂ 0.89ರೊಳಗೆ ಉಳಿದೆರಡು ಬಾಹುಗಳಲ್ಲಿ ಒಂದಾದರೂ ಸಿಗುತ್ತದೆ. ಗ್ರೋಮೊವ್ 1987ರಲ್ಲಿ ಈ ತೆಳುತನವನ್ನೇ ವ್ಯಾಖ್ಯೆಯಾಗಿ ತೆಗೆದುಕೊಂಡರು. ವಕ್ರತೆ, ಕಲನಶಾಸ್ತ್ರ ಏನೂ ಬೇಡ, ತ್ರಿಭುಜಗಳೆಲ್ಲ ತೆಳ್ಳಗಿದ್ದರೆ ಸಾಕು, ಅದು ಹೈಪರ್‌ಬಾಲಿಕ್. ನಿಮ್ಮ ನಾಲ್ಕನೇ ಕೋರ್ಸ್ ಇಲ್ಲಿಂದಲೇ ಹುಟ್ಟಿದ್ದು. ಒಂದನೇ ಕೋರ್ಸಿನ ತ್ರಿಭುಜದ ಲೆಕ್ಕ ಮಾಡಿದವರಿಗೆ ನಾಲ್ಕನೆಯದರ ಮೊದಲ ದಿನ ಹೊಸದೇನೂ ಅನಿಸುವುದಿಲ್ಲ.

ಈಗ ಆ ಮೂರು ಉದಾಹರಣೆಗಳು.

ಮೊದಲನೆಯದು ಮಾಡ್ಯುಲರ್ ಗ್ರೂಪ್. ಪೂರ್ಣಾಂಕಗಳ ಎರಡು-ಎರಡರ ಮ್ಯಾಟ್ರಿಕ್ಸ್‌ಗಳು, ಡಿಟರ್ಮಿನೆಂಟ್ 1, ಧನ-ಋಣ ಚಿಹ್ನೆಯ ವ್ಯತ್ಯಾಸ ಲೆಕ್ಕಕ್ಕಿಲ್ಲ. ಇವು ಅರ್ಧ ಸಮತಲವನ್ನು ದೂರ ಕೆಡದಂತೆ ಕದಲಿಸುತ್ತವೆ. ಹೀಗೆ ಕದಲಿಸುವ, ಆದರೆ ಒಂದು ಬಿಂದುವಿನ ನಕಲುಗಳನ್ನು ಎಲ್ಲೂ ಗುಡ್ಡೆ ಹಾಕದ ಗ್ರೂಪ್‌ಗಳೇ ಮೊದಲ ಕೋರ್ಸಿನ ಫುಕ್ಸಿಯನ್ ಗ್ರೂಪ್‌ಗಳು. ಯಾವ ಮ್ಯಾಟ್ರಿಕ್ಸ್ ಹೇಗೆ ಕದಲಿಸುತ್ತದೆ ಅಂತ ಅದರ ಟ್ರೇಸ್ ನೋಡಿದರೆ ಗೊತ್ತಾಗುತ್ತದೆ: ಚಿಹ್ನೆ ಬಿಟ್ಟು ನೋಡಿದಾಗ 2ಕ್ಕಿಂತ ಕಡಿಮೆ ಇದ್ದರೆ ಒಂದು ಬಿಂದುವಿನ ಸುತ್ತ ತಿರುಗಿಸುತ್ತದೆ, ಸರಿಯಾಗಿ 2 ಇದ್ದರೆ ಗಡಿಯ ಒಂದೇ ಬಿಂದುವನ್ನು ಹಾಗೇ ಉಳಿಸುತ್ತದೆ, 2ಕ್ಕಿಂತ ಜಾಸ್ತಿ ಇದ್ದರೆ ಒಂದು ಜಿಯೊಡೆಸಿಕ್ (ಅಂದರೆ ಅತಿ ಹತ್ತಿರದ ದಾರಿ) ಗುಂಟ ಮುಂದಕ್ಕೆ ತಳ್ಳುತ್ತದೆ. ಮೇಲಿನ ಸಾಲು 2, 1, ಕೆಳಗಿನ ಸಾಲು 1, 1 ಇರುವ ಮ್ಯಾಟ್ರಿಕ್ಸ್ ತೆಗೆದುಕೊಳ್ಳಿ. ಟ್ರೇಸ್ 3. ಇದು ಯಾವ ಬಿಂದುಗಳನ್ನು ಅಲುಗಿಸುವುದಿಲ್ಲ ಅಂತ ಸಮೀಕರಣ ಬರೆದು ನೋಡಿ, ಸುವರ್ಣ ಅನುಪಾತ 1.618 ಮತ್ತು -0.618 ಬರುತ್ತವೆ. ಅವೆರಡನ್ನೂ ಸೇರಿಸುವ ಅರ್ಧವೃತ್ತದ ಗುಂಟ ಇದು ಎಲ್ಲವನ್ನೂ 1.925ರಷ್ಟು ಮುಂದೆ ಸರಿಸುತ್ತದೆ. ಗ್ರೂಪ್ ಒಂದರ ಮೇಲೊಂದು ತರುವ ಬಿಂದುಗಳನ್ನೆಲ್ಲ ಒಂದೇ ಅಂತ ಎಣಿಸಿದಾಗ ಬರುವ ಮಾಡ್ಯುಲರ್ ಮೇಲ್ಮೈ ಮೇಲೆ ಇದೇ ಅತಿ ಚಿಕ್ಕ ಮುಚ್ಚಿದ ಜಿಯೊಡೆಸಿಕ್, ಯಾಕೆಂದರೆ 2ಕ್ಕಿಂತ ದೊಡ್ಡ ಪೂರ್ಣಾಂಕಗಳಲ್ಲಿ 3ಕ್ಕಿಂತ ಚಿಕ್ಕದಿಲ್ಲ. ಇನ್ನು ಫಂಡಮೆಂಟಲ್ ಡೊಮೇನ್, ಅಂದರೆ ಗ್ರೂಪ್ ಕದಲಿಸುತ್ತಾ ಹೋದರೆ ಇಡೀ ಅರ್ಧ ಸಮತಲವನ್ನು ತುಂಬುವ ಒಂದು ತುಂಡು: ಕೋನಗಳು 60, 60 ಮತ್ತು ಸೊನ್ನೆ ಇರುವ, ಒಂದು ಮೂಲೆ ಅನಂತದಲ್ಲಿರುವ ತ್ರಿಭುಜ. ಮೇಲಿನ ಸೂತ್ರ ಹಾಕಿ, ವಿಸ್ತೀರ್ಣ ಪೈ ಭಾಗಿಸು 3. ಮೇಲಕ್ಕೆ ಕೊನೆಯೇ ಇಲ್ಲದೆ ಹೋಗುವ ಆಕಾರಕ್ಕೆ ಸೀಮಿತ ವಿಸ್ತೀರ್ಣ.

ಎರಡನೆಯದು ಅಷ್ಟಭುಜ. ಎರಡು ತೂತಿರುವ ಮುಚ್ಚಿದ ಮೇಲ್ಮೈಯನ್ನು ಅಷ್ಟಭುಜದ ಬಾಹುಗಳನ್ನು ಎರಡೆರಡಾಗಿ ಅಂಟಿಸಿ ಮಾಡಬಹುದು ಅಂತ ಟೊಪಾಲಜಿಯಲ್ಲಿ ಓದಿರುತ್ತೀರಿ. ಅಂಟಿಸಿದಾಗ ಎಂಟೂ ಮೂಲೆಗಳು ಒಂದೇ ಬಿಂದುವಿಗೆ ಬರುತ್ತವೆ. ಆ ಬಿಂದುವಿನ ಸುತ್ತ ಮೊತ್ತ 360 ಇರಬೇಕಾದರೆ ಒಂದೊಂದು ಕೋನ 45 ಡಿಗ್ರಿ ಇರಬೇಕು. ಚಪ್ಪಟೆ ಸಮತಲದ ನಿಯತ ಅಷ್ಟಭುಜದ ಕೋನ 135, ಚಿಕ್ಕದು ಮಾಡಿ ದೊಡ್ಡದು ಮಾಡಿ, ಅದು ಬದಲಾಗುವುದೇ ಇಲ್ಲ. ಹೈಪರ್‌ಬಾಲಿಕ್ ಸಮತಲದಲ್ಲಿ ಹಾಗಲ್ಲ. ತೀರಾ ಪುಟ್ಟ ಅಷ್ಟಭುಜದ ಕೋನ 135ರ ಹತ್ತಿರ, ಮೂಲೆಗಳು ಗಡಿ ಮುಟ್ಟುವಷ್ಟು ದೊಡ್ಡದಾದರೆ ಸೊನ್ನೆ. ನಡುವೆ ಎಲ್ಲೋ ಒಂದು ಕಡೆ ಸರಿಯಾಗಿ 45 ಬಂದೇ ಬರುತ್ತದೆ. ಈ ವಾದ ನನಗೆ ಇವತ್ತಿಗೂ ಮೈ ಜುಂ ಅನಿಸುತ್ತದೆ. ಅಂಟಿಸಿ ಬಂದ ಮೇಲ್ಮೈಯ ವಿಸ್ತೀರ್ಣ 4 ಪೈ.

ಆದರೆ ಇದೊಂದೇ ಅಲ್ಲ. ಅದೇ ಮೇಲ್ಮೈಗೆ ಬೇರೆ ಬೇರೆ ಹೈಪರ್‌ಬಾಲಿಕ್ ಆಕಾರಗಳನ್ನು ಕೊಡಬಹುದು. ಮೂರು ಮುಚ್ಚಿದ ಜಿಯೊಡೆಸಿಕ್‌ಗಳ ಗುಂಟ ಕತ್ತರಿಸಿದರೆ ಎರಡು ತುಂಡು ಬರುತ್ತವೆ, ಒಂದೊಂದಕ್ಕೂ ಸೊಂಟ ಒಂದು, ಕಾಲು ಎರಡು. ಈ ಕ್ಷೇತ್ರದವರು ಅದನ್ನು ಪ್ಯಾಂಟ್ಸ್ ಅಂತಲೇ ಕರೆಯುತ್ತಾರೆ. ಮೂರು ಅಂಚುಗಳ ಉದ್ದ ಹೇಳಿದರೆ ಪ್ಯಾಂಟ್ಸ್‌ನ ಆಕಾರ ಪೂರ್ತಿ ನಿಗದಿಯಾಗುತ್ತದೆ. ಮರಳಿ ಹೊಲಿಯುವಾಗ ಪ್ರತಿ ಹೊಲಿಗೆಯಲ್ಲೂ ಎಷ್ಟು ತಿರುಚುತ್ತೀರಿ ಅನ್ನುವುದು ನಿಮ್ಮ ಕೈಯಲ್ಲಿದೆ. ಮೂರು ಉದ್ದ, ಮೂರು ತಿರುಚು, ಒಟ್ಟು ಆರು ಸಂಖ್ಯೆಗಳು. ತೂತುಗಳು ಜಾಸ್ತಿಯಾದರೆ ತೂತುಗಳ ಸಂಖ್ಯೆಯ ಆರರಷ್ಟರಲ್ಲಿ 6 ಕಳೆಯಿರಿ. ಎರಡನೇ ಕೋರ್ಸಿನ ಟೈಶ್‌ಮ್ಯುಲರ್ ಸ್ಪೇಸ್ ಅಂದರೆ ಈ ಎಲ್ಲ ಆಕಾರಗಳ ಜಾಗ, ಈ ಆರು ಸಂಖ್ಯೆಗಳು ಅದರ ನಿರ್ದೇಶಾಂಕಗಳು. ಎರಡನೇ ವಾರದಲ್ಲಿ ಗಣಿತಜ್ಞೆ ಮರಿಯಂ ಮಿರ್ಜಾಖಾನಿಯವರ ಹೆಸರು ಖಂಡಿತ ಬರುತ್ತದೆ, ಆಗ ಇದೇ ಸಂಖ್ಯೆ ಮತ್ತೆ ಕಾಣುತ್ತದೆ. ಉದ್ದ ಎಲ್‌ಗಿಂತ ಕಡಿಮೆ ಇರುವ ಮುಚ್ಚಿದ ಜಿಯೊಡೆಸಿಕ್‌ಗಳನ್ನು ಎಣಿಸಿದರೆ ಅವು ಘಾತೀಯವಾಗಿ ಹೆಚ್ಚುತ್ತವೆ. ತನ್ನನ್ನು ತಾನೇ ಕತ್ತರಿಸದವುಗಳನ್ನು ಮಾತ್ರ ಎಣಿಸಿದರೆ, ಎರಡು ತೂತಿನ ಮೇಲ್ಮೈಯಲ್ಲಿ, ಎಲ್‌ನ ಆರನೇ ಘಾತದಂತೆ ಬೆಳೆಯುತ್ತವೆ ಅಂತ ಅವರು ತೋರಿಸಿದರು. ಉದ್ದದ ಮಿತಿ ಎರಡರಷ್ಟಾದರೆ ಎಣಿಕೆ ಹೆಚ್ಚುಕಡಿಮೆ 64ರಷ್ಟು. ಆ ಆರು, ಈ ಆರು, ಎರಡೂ ಒಂದೇ.

ಅಷ್ಟಭುಜದ ಗ್ರೂಪಿನಲ್ಲೇ, ಅಂದರೆ ಅಂಟಿಸಿ ಬಂದ ಮೇಲ್ಮೈಯ ಫಂಡಮೆಂಟಲ್ ಗ್ರೂಪಿನಲ್ಲೇ, ನಾಲ್ಕನೇ ಕೋರ್ಸಿನ ಹಳೆಯ ಬೇರೂ ಇದೆ. ಆ ಗ್ರೂಪಿಗೆ ನಾಲ್ಕು ಜನರೇಟರ್, ಎಂಟು ಅಕ್ಷರದ ಒಂದೇ ರಿಲೇಷನ್. ಒಂದು ಉದ್ದದ ಪದ ಕೊಟ್ಟರೆ ಅದು ಐಡೆಂಟಿಟಿಯೋ ಅಲ್ಲವೋ ಅಂತ ಹೇಗೆ ಹೇಳುವುದು? ಮಾಕ್ಸ್ ಡೇನ್ 1912ರಲ್ಲಿ ಉತ್ತರಿಸಿದರು. ಐಡೆಂಟಿಟಿಯಾದರೆ, ಪಕ್ಕಪಕ್ಕದ ವಿಲೋಮಗಳನ್ನು ಹೊಡೆದು ಹಾಕಿದ ಮೇಲೂ ಪದ ಉಳಿದರೆ, ಅದರಲ್ಲಿ ರಿಲೇಷನ್ನಿನ ಅರ್ಧಕ್ಕಿಂತ ದೊಡ್ಡ ತುಂಡು, ಅಂದರೆ ಕನಿಷ್ಠ ಐದು ಅಕ್ಷರ, ಒಟ್ಟಿಗೆ ಇದ್ದೇ ಇರುತ್ತದೆ. ಆ ಐದನ್ನು ಮೂರರಿಂದ ಬದಲಿಸಿ. ಪದ ಚಿಕ್ಕದಾಯಿತು. ಮತ್ತೆ ಹುಡುಕಿ, ಮತ್ತೆ ಬದಲಿಸಿ. ಖಾಲಿಯಾದರೆ ಐಡೆಂಟಿಟಿ, ಎಲ್ಲೋ ನಿಂತರೆ ಅಲ್ಲ. ಕೈಯಲ್ಲಿ ಎರಡು ಪದಗಳಿಗೆ ಮಾಡಿ ನೋಡಿ. ಹೈಪರ್‌ಬಾಲಿಕ್ ಗ್ರೂಪ್‌ಗಳು ಅಂದರೆ ಈ ತಂತ್ರ ನಡೆಯುವ ಗ್ರೂಪ್‌ಗಳೇ ಅಂತ ಆಮೇಲೆ ಹೇಳಿಕೊಡುತ್ತಾರೆ.

ಮೂರನೆಯ ಉದಾಹರಣೆ ಫಿಗರ್-ಎಯ್ಟ್ ಗಂಟು. ಹಗ್ಗದಲ್ಲಿ ಆ ಗಂಟು ಹಾಕಿ ಎರಡು ತುದಿ ಸೇರಿಸಿ, ಆ ಹಗ್ಗವನ್ನು ಬಿಟ್ಟು ಉಳಿದ ಜಾಗವನ್ನು (ಅನಂತದಲ್ಲಿ ಒಂದು ಬಿಂದು ಸೇರಿಸಿಕೊಂಡು) ನೋಡಿ. ಆ ಜಾಗಕ್ಕೆ ಹೈಪರ್‌ಬಾಲಿಕ್ ರಚನೆ ಇದೆ ಅಂತ ರಾಬರ್ಟ್ ರೈಲಿ 1970ರ ದಶಕದಲ್ಲಿ ಕಂಡುಕೊಂಡರು, ವಿಲಿಯಂ ಥರ್ಸ್ಟನ್ ಅದನ್ನು ಎರಡು ಚತುರ್ಮುಖಿಗಳನ್ನು ಅಂಟಿಸಿ ಕಟ್ಟಿ ತೋರಿಸಿದರು. ಚತುರ್ಮುಖಿಗಳ ಮೂಲೆಗಳು ಅನಂತದಲ್ಲಿ, ಪ್ರತಿ ಅಂಚಿನ ಕೋನ 60. ಎರಡು ಚತುರ್ಮುಖಿಗಳಿಗೆ ಒಟ್ಟು 12 ಅಂಚು, ಅಂಟಿಸಿದ ಮೇಲೆ ಎರಡೇ ಉಳಿಯುತ್ತವೆ, ಒಂದೊಂದರ ಸುತ್ತ ಆರಾರು. ಆರು ಅರವತ್ತಲೆ 360. ಅಷ್ಟಭುಜದಲ್ಲಿ ಎಂಟು ನಲವತ್ತೈದಲೆ ಮಾಡಿದೆವಲ್ಲ, ಅದೇ ಲೆಕ್ಕ.

ಇಲ್ಲಿ ಎರಡನೇ ಮತ್ತು ಮೂರನೇ ಕೋರ್ಸ್ ಒಂದಕ್ಕೊಂದು ಎದುರಾಗುತ್ತವೆ, ನನ್ನ ಪ್ರಕಾರ ಇಡೀ ವಿಷಯದ ಸೊಗಸು ಇರುವುದೇ ಈ ಜಾಗದಲ್ಲಿ. ಎರಡು ಆಯಾಮದಲ್ಲಿ ಆರು ಸಂಖ್ಯೆಗಳನ್ನು ಮನಸ್ಸಿಗೆ ಬಂದಂತೆ ತಿರುಗಿಸಬಹುದಿತ್ತು. ಮೂರು ಆಯಾಮಕ್ಕೆ ಬಂದರೆ ಏನೂ ಉಳಿಯುವುದಿಲ್ಲ. ಮುಚ್ಚಿದ ಮ್ಯಾನಿಫೋಲ್ಡಿಗೆ (ಹತ್ತಿರದಿಂದ ನಮ್ಮ ಮೂರು ಆಯಾಮದ ಜಾಗದಂತೆಯೇ ಕಾಣುವ ಜಾಗಕ್ಕೆ) ಹೈಪರ್‌ಬಾಲಿಕ್ ರಚನೆ ಇದ್ದರೆ ಅದು ಒಂದೇ ಒಂದು ಅಂತ ಮೋಸ್ಟೊ 1968ರಲ್ಲಿ ಸಾಧಿಸಿದರು. ಗೋಪಾಲ್ ಪ್ರಸಾದ್ 1973ರಲ್ಲಿ ಅದನ್ನು ಸೀಮಿತ ಘನಫಲದ ತೆರೆದ ಜಾಗಗಳಿಗೂ ವಿಸ್ತರಿಸಿದರು. ಗಂಟಿನ ಹೊರಗಿನ ಜಾಗಕ್ಕೆ ಬೇಕಾಗುವುದು ಇದೇ. ಹಾಗಾಗಿ ಘನಫಲ ಅನ್ನುವುದು ಗಂಟಿನದೇ ಗುಣವಾಗಿಬಿಡುತ್ತದೆ, ಹಗ್ಗವನ್ನು ಎಷ್ಟು ಎಳೆದಾಡಿದರೂ ಬದಲಾಗದು.

ಯಾಕೆ ಹೀಗೆ? ಸಾಧನೆಯ ಪೂರ್ತಿ ವಿವರ ಅಲ್ಲಿ ಕೇಳುತ್ತೀರಿ, ಎಳೆ ಮಾತ್ರ ಹೇಳುತ್ತೇನೆ. ಒಂದು ಜಿಯೊಡೆಸಿಕ್‌ನಿಂದ 5ರಷ್ಟು ದೂರ ಉಳಿದುಕೊಂಡು ಅದರ ಜೊತೆಜೊತೆಗೆ ನಡೆದರೆ, ಅದು 1 ಹೋಗುವಷ್ಟರಲ್ಲಿ ನೀವು 74 ನಡೆಯಬೇಕು. ಅಷ್ಟು ದುಬಾರಿ. ಆದ್ದರಿಂದ ಸ್ವಲ್ಪ ಸೊಟ್ಟಗಿರುವ, ಆದರೆ ತೀರಾ ಸುತ್ತಿಬಳಸದ ದಾರಿ ನಿಜವಾದ ಜಿಯೊಡೆಸಿಕ್‌ನ ಪಕ್ಕದಲ್ಲೇ ಇರಬೇಕಾಗುತ್ತದೆ. (0, 1)ರಿಂದ (1000, 1)ಕ್ಕೆ ಹತ್ತಿ ಇಳಿದ ದಾರಿ ನೆನಪಿದೆಯಲ್ಲ? ಇದರಿಂದ ಎರಡು ಮ್ಯಾನಿಫೋಲ್ಡ್‌ಗಳ ನಡುವಿನ ಒರಟು ಹೊಂದಾಣಿಕೆಯೂ ಅನಂತದ ಗಡಿಯ ಮೇಲೆ ಸರಿಯಾದ ನಕ್ಷೆ ಕೊಡುತ್ತದೆ. ಮೂರು ಆಯಾಮದಲ್ಲಿ ಗಡಿ ಒಂದು ಗೋಳ, ಅದರ ಮೇಲೆ ಕೋನಗಳಿವೆ, ನಕ್ಷೆ ಕೋನ ಉಳಿಸಲೇಬೇಕು ಅಂತ ವಾದ ಮುಂದೆ ಹೋಗುತ್ತದೆ. ಎರಡು ಆಯಾಮದಲ್ಲಿ ಗಡಿ ಬರೀ ವೃತ್ತ. ವೃತ್ತದ ಮೇಲೆ ಕೋನ ಅನ್ನುವುದೇ ಇಲ್ಲ, ವಾದ ಅಲ್ಲೇ ನಿಂತುಹೋಗುತ್ತದೆ. ಆ ಆರು ಸಂಖ್ಯೆಗಳಿಗೆ ಜಾಗ ಸಿಕ್ಕಿದ್ದು ಅದರಿಂದಲೇ.

ಓದುವ ವಿಷಯಕ್ಕೆ ಬಂದರೆ, ಕವರಿಂಗ್ ಸ್ಪೇಸ್ ಮತ್ತು ಫಂಡಮೆಂಟಲ್ ಗ್ರೂಪ್ ಮತ್ತೊಮ್ಮೆ ಓದಿ, ಇದರಲ್ಲಿ ರಿಯಾಯಿತಿ ಇಲ್ಲ. ಫ್ರೀ ಗ್ರೂಪ್, ಪ್ರೆಸೆಂಟೇಷನ್ ಗೊತ್ತಿರಲಿ. ಕಾಂಪ್ಲೆಕ್ಸ್ ಅನಾಲಿಸಿಸ್‌ನ ಶ್ವಾರ್ಜ್ ಲೆಮ್ಮಾ ತೆಗೆದು ನೋಡಿ, ತಟ್ಟೆಯಿಂದ ತಟ್ಟೆಗೆ ಹೋಗುವ ಹೋಲೊಮಾರ್ಫಿಕ್ ನಕ್ಷೆ ಹೈಪರ್‌ಬಾಲಿಕ್ ದೂರವನ್ನು ಹೆಚ್ಚಿಸುವುದಿಲ್ಲ ಅಂತ ಅದನ್ನು ಇನ್ನೊಮ್ಮೆ ಹೇಳಬಹುದು. ಯೂಕ್ಲಿಡ್‌ನ ಐದನೇ ಗ್ರಹಿಕೆ, 1829ರ ಲೊಬಾಚೆವ್‌ಸ್ಕಿ, 1832ರ ಬೋಯಾಯ್, ಇವೆಲ್ಲ ಒಳ್ಳೆಯ ಕಥೆಗಳು, ಆದರೆ ಸದ್ಯಕ್ಕೆ ಬೇಡ. ರೀಮನ್ನಿಯನ್ ಜ್ಯಾಮಿತಿಯ ಟೆನ್ಸರ್‌ಗಳನ್ನೂ ಬಿಡಿ. ಮೊದಲ ನಾಲ್ಕು ವಾರ ಅರ್ಧ ಸಮತಲ ಮತ್ತು ಮೊದಲ ಎರಡು ಉದಾಹರಣೆಗಳಿಗೆ, ಉಳಿದ ಎರಡು ವಾರ ಗಂಟಿಗೆ.

ಅಲ್ಲಿ ಹೋದ ಮೇಲೆ ನೋಟ್ಸಿನ ಎಡಕ್ಕೆ ಅಗಲವಾದ ಅಂಚು ಬಿಡಿ. ಬೋರ್ಡಿನ ಮೇಲೆ "ಒಂದು ಫುಕ್ಸಿಯನ್ ಗ್ರೂಪ್" ಅಂತ ಬಂದರೆ ಅಂಚಿನಲ್ಲಿ ಮಾಡ್ಯುಲರ್ ಗ್ರೂಪ್ ಅಂತ ಬರೆದುಕೊಂಡು ಆ ಹೇಳಿಕೆ ಅಲ್ಲಿ ಏನಾಗುತ್ತದೆ ನೋಡಿ. "ಮುಚ್ಚಿದ ಮೇಲ್ಮೈ" ಅಂದರೆ ಅಷ್ಟಭುಜ. "ಸೀಮಿತ ಘನಫಲದ ಮ್ಯಾನಿಫೋಲ್ಡ್" ಅಂದರೆ ಗಂಟು. ಸಂಶೋಧನಾ ಉಪನ್ಯಾಸಗಳಲ್ಲಿ ಮೊದಲ ಇಪ್ಪತ್ತು ನಿಮಿಷವನ್ನು ಪೂರ್ತಿ ಗಮನ ಕೊಟ್ಟು ಕೇಳಿ, ಪ್ರಶ್ನೆ ಏನು, ಅದು ಯಾಕೆ ಬೇಕು ಅನ್ನುವುದು ಅಲ್ಲೇ ಇರುತ್ತದೆ. ಆಮೇಲಿನದು ಜಾರಿಹೋದರೆ ಬೇಜಾರು ಬೇಡ, ಅನುಭವಿಗಳಿಗೂ ಜಾರುತ್ತದೆ. ಪ್ರಶ್ನೆ ಕೇಳಲು ಹಿಂಜರಿಯಬೇಡಿ. "ಇದು ಮಾಡ್ಯುಲರ್ ಗ್ರೂಪಿಗೆ ಏನು ಹೇಳುತ್ತದೆ ಸರ್?", "ಈ ಷರತ್ತು ತೆಗೆದರೆ ಎಲ್ಲಿ ಮುರಿಯುತ್ತದೆ ಮೇಡಂ?" ಇಂಥ ಪ್ರಶ್ನೆ ಕೇಳಿದರೆ ಉಪನ್ಯಾಸಕರಿಗೆ ಖುಷಿಯಾಗುತ್ತದೆ. ಸಂಜೆಯ ಪ್ರಾಬ್ಲಂ ಸೆಷನ್ ಮಾತ್ರ ಒಂದೂ ತಪ್ಪಿಸಬೇಡಿ. ಒಂದು ಉಪನ್ಯಾಸ ತಪ್ಪಿದರೆ ನೋಟ್ಸ್ ಸಿಗುತ್ತದೆ, ಇದು ತಪ್ಪಿದರೆ ಸಿಗುವುದಿಲ್ಲ.

ಲ್ಯಾಪ್‌ಟಾಪ್ ಖಂಡಿತ ತೆಗೆದುಕೊಂಡು ಹೋಗಿ. ಸ್ನ್ಯಾಪಿ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಜೆಫ್ರಿ ವೀಕ್ಸ್ ಬರೆದ ಹಳೆಯ ಪ್ರೋಗ್ರಾಮಿನ ಮೇಲೆ ಕಟ್ಟಿದ್ದು, ಪೈಥಾನ್‌ನಲ್ಲಿ ನಡೆಯುತ್ತದೆ. ಹೋಗುವ ಮುಂಚೆಯೇ ಹಾಕಿಕೊಳ್ಳಿ. ಫಿಗರ್-ಎಯ್ಟ್ ಗಂಟು ಕೊಟ್ಟು ಘನಫಲ ಕೇಳಿ, 2.0298 ಅಂತ ಬರಬೇಕು, ಅಂದರೆ 1.0149 ಘನಫಲದ ಎರಡು ಚತುರ್ಮುಖಿಗಳು. ಆಮೇಲೆ ಹಗ್ಗ ತೆಗೆದ ಜಾಗದಲ್ಲಿ ಬೇರೆ ರೀತಿಯಲ್ಲಿ ಟ್ಯೂಬ್ ತುಂಬುವ ಡೇನ್ ಫಿಲ್ಲಿಂಗ್ ಮಾಡಿ ನೋಡಿ. ಟ್ಯೂಬ್ ಹೇಗೆ ಸುತ್ತಿ ಅಂಟಬೇಕು ಅಂತ ಒಂದು ಜೋಡಿ ಸಂಖ್ಯೆ ಹೇಳುತ್ತದೆ, ಅದನ್ನು (0, 1)ರಿಂದ ಶುರು ಮಾಡಿ ಮೊದಲ ಸಂಖ್ಯೆಯನ್ನು ಒಂದೊಂದಾಗಿ ಏರಿಸುತ್ತಾ. (4, 1)ರ ತನಕ ಹೈಪರ್‌ಬಾಲಿಕ್ ರಚನೆಯೇ ಇರುವುದಿಲ್ಲ, ಅಲ್ಲಿ ಅದು ಏನೇ ಸಂಖ್ಯೆ ತೋರಿಸಿದರೂ ನಂಬಬೇಡಿ. (5, 1)ಕ್ಕೆ ಬಂದ ಕೂಡಲೇ 0.9814 ಅಂತ ಬರುತ್ತದೆ. ಇನ್ನೂ ಏರಿಸುತ್ತಾ ಹೋಗಿ, ಘನಫಲ ಹೆಚ್ಚುತ್ತಾ 2.0298ರ ಹತ್ತಿರ ಹತ್ತಿರ ಬರುತ್ತದೆ, ಆದರೆ ಎಷ್ಟು ದೊಡ್ಡ ಸಂಖ್ಯೆ ಹಾಕಿದರೂ ಅದನ್ನು ಮುಟ್ಟುವುದಿಲ್ಲ. ಆ ಸಂಖ್ಯೆಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದುಕೊಂಡು, ಮೂರನೇ ಕೋರ್ಸಿನ ಮೊದಲ ದಿನವೇ ಉಪನ್ಯಾಸಕರ ಮುಂದೆ ಇಟ್ಟು ಯಾಕೆ ಹೀಗೆ ಅಂತ ಕೇಳಿ.